ಬ್ರಾಂದಿ, ಲಿಂಬೆರಸ ಮತ್ತು ‘ಮನೆಮದ್ದು’

ಕಳೆದ ವಾರ ಸುರಪುರದಿಂದ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿ ಮಾಡಿದ್ದ. ಮೂರು ವರ್ಷದ ಮಗಳಿಗೆ ನೆಗಡಿ, ಕೆಮ್ಮು. ಬ್ರಾಂದಿಗೆ ಲಿಂಬೆರಸ, ಬೆಲ್ಲ, ಬಿಸಿನೀರು ಬೆರೆಸಿ ಕುಡಿಸಬೇಕೆಂದು ಮನೆಯ ಹಿರಿಯರು ಹೇಳುತ್ತಿದ್ದಾರಂತೆ. “ಎಷ್ಟು ಚಮಚ ಹಾಕಬೇಕು ಸರ್?” ಎಂದು ಕೇಳಿದ. ಒಂದು ಹನಿಯೂ ಬೇಡವೆಂದೆ. ಅಷ್ಟು ಸಾಲದೆನಿಸಿ ಇಲ್ಲಿ ಬರೆಯುತ್ತಿದ್ದೇನೆ.

ಬ್ರಾಂದಿಗೆ ಲಿಂಬೆರಸ ಬೆರೆಸುವುದು ಹೊಸತಲ್ಲ. ಬ್ರಾಂದಿ, ಕಿತ್ತಳೆಯ ಸ್ವಾದದ ಸಿಹಿಮದ್ಯ ಮತ್ತು ಲಿಂಬೆರಸ ಸೇರಿಸಿದ ‘ಸೈಡ್‌ಕಾರ್’ ಎಂಬ ಪೇಯದ ವಿಧಾನ 1922ರಲ್ಲಿಯೇ ಯುರೋಪಿನ ಪುಸ್ತಕಗಳಲ್ಲಿ ಅಚ್ಚಾಗಿತ್ತು. ಆದರೆ ಅಲ್ಲಿಯವರು ಅದನ್ನು ಮದ್ಯವೆಂದೇ ಕರೆದರು. ನಾವಾದರೋ ಅಂಥದೇ ಮಿಶ್ರಣಕ್ಕೆ ‘ಔಷಧಿ’ ಎಂದು ಹೆಸರಿಟ್ಟು ಕೂಸಿಗೂ ಬಾಣಂತಿಗೂ ಕುಡಿಸುತ್ತೇವೆ. ಸಾರಾಯಿಯ ಹೆಸರೆತ್ತಿದರೆ ಮೂಗು ಮುರಿಯುವ ಮನೆಗಳಲ್ಲಿಯೂ ಬ್ರಾಂದಿಯ ಸಣ್ಣ ಬಾಟಲಿ ಕಪಾಟಿನಲ್ಲಿ ಗೌರವದಿಂದ ಕುಳಿತಿರುತ್ತದೆ. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಷೇಧವಾಯಿತು. ಆದರೆ ನಮ್ಮಲ್ಲಿಯ ಅಗ್ಗದ ಬ್ರಾಂದಿಯ ಮೂಲವೂ ಬಹುಮಟ್ಟಿಗೆ ದ್ರಾಕ್ಷಿಯಲ್ಲ, ಸಕ್ಕರೆ ಕಾರ್ಖಾನೆಯ ಕಾಕಂಬಿ!

‘ಕುಡಿದೊಡನೆ ಮೈ ಬೆಚ್ಚಗಾಗುತ್ತದಲ್ಲ?’ ಎನ್ನುವವರುಂಟು. ಚರ್ಮದ ರಕ್ತನಾಳಗಳು ಹಿಗ್ಗುವುದರಿಂದ ಹಾಗೆನಿಸುತ್ತದೆ. ವಾಸ್ತವದಲ್ಲಿ ದೇಹವು ಶಾಖವನ್ನು ಕಳೆದುಕೊಳ್ಳುತ್ತಿರುತ್ತದೆ. ಎಳೆಯ ಮಕ್ಕಳಲ್ಲಿ ರಕ್ತದ ಸಕ್ಕರೆಯ ಅಂಶ ಅಪಾಯಕರವಾಗಿ ಇಳಿಯಬಹುದು. ಮಗು ನಿದ್ರಿಸಿದರೆ ರೋಗ ವಾಸಿಯಾಯಿತೆಂದಲ್ಲ, ಅಮಲೇರಿತೆಂದು ಅರ್ಥ. ಬಾಣಂತಿ ಕುಡಿದದ್ದು ಎದೆಹಾಲಿಗೂ ಸೇರುತ್ತದೆ. ಲಿಂಬೆಯ ಹುಳಿ ಮದ್ಯದ ಘಾಟನ್ನು ಮರೆಮಾಚೀತೇ ಹೊರತು ಅದರ ಗುಣವನ್ನು ಕಳೆಯದು. ಮದ್ಯದ ಯಾವ ಪ್ರಮಾಣವೂ ಸುರಕ್ಷಿತವಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸ್ಪಷ್ಟಪಡಿಸಿದೆ. ಅದು ಬೆಳೆದವರಿಗೆ ಹೇಳಿದ ಮಾತು. ಇನ್ನು ಕೂಸಿನ ಪಾಡೇನು?

ಪರರಿಗೆ ಬುದ್ಧಿ ಹೇಳುವ ಮುನ್ನ ಒಂದು ತಪ್ಪೊಪ್ಪಿಗೆ. ತರಗತಿಯಲ್ಲಿ ವಿಜ್ಞಾನ ಬೋಧಿಸುತ್ತಿದ್ದ ನಾನೇ, ಹಿರಿಯರ ಮಾತು ಮೀರಲಾರದೆ, ನನ್ನ ಮಗನಿಗೆ ಒಮ್ಮೆ ಅರ್ಧ ಚಮಚ ಕುಡಿಸಿದ್ದೆ. ಅವನಿಗೇನೂ ಆಗಲಿಲ್ಲ. ಅದು ಅವನ ಅದೃಷ್ಟ, ನನ್ನ ಜಾಣತನವಲ್ಲ. ಹಿರಿಯರನ್ನು ಗೌರವಿಸುವುದೆಂದರೆ ಅವರ ತಪ್ಪನ್ನೂ ಮಕ್ಕಳ ಬಾಯಿಗೆ ಹಾಕುವುದಲ್ಲವೆಂದು ತಿಳಿಯಲು ನನಗೆ ಬಹಳ ಕಾಲ ಬೇಕಾಯಿತು.

ನೆರೆಯ ಇಂಡಿ ತಾಲೂಕಿನ ಲಿಂಬೆ ನಾಡಿಗೇ ಪ್ರಸಿದ್ಧ. ಆ ರಸಕ್ಕೆ ಬೆಲ್ಲ, ಬಿಸಿನೀರು ಸೇರಿದರೆ ನೆಗಡಿಯಾದ ಮಗುವಿಗೆ ಹಿತವಾದ ಪಾನಕ ಸಿದ್ಧ, ಬ್ರಾಂದಿಯ ಹಂಗೇಕೆ? ಉಸಿರಾಟ ವೇಗವಾದರೆ, ಪಕ್ಕೆ ಒಳಗೆಳೆದರೆ ಶಹಾಪುರವಾಗಲಿ, ಸುರಪುರವಾಗಲಿ, ಯಾದಗಿರಿಯಾಗಲಿ, ಹತ್ತಿರದ ಆಸ್ಪತ್ರೆಗೆ ಕೂಡಲೇ ಕರೆದೊಯ್ಯಿರಿ.

ದೊಡ್ಡವರು ಕುಡಿಯುವುದಾದರೆ ಅದನ್ನು ಕುಡಿತವೆಂದೇ ಕರೆಯಲಿ. ಔಷಧಿಯೆಂಬ ಪವಿತ್ರ ಹೆಸರನ್ನು ಆ ಬಾಟಲಿಗೆ ಅಂಟಿಸುವುದು ಬೇಡ.