ಕಲಿಸುವವರ ಒಂಟಿತನ

ಹೊರನಾಡಿನಲ್ಲಿ ಕನ್ನಡದ ಅಳಿವು-ಉಳಿವಿನ ಪ್ರಶ್ನೆ ಎದ್ದಾಗಲೆಲ್ಲ ನಾವು ಮಕ್ಕಳ ವಿಷಯ ಮಾತನಾಡುತ್ತೇವೆ, ತಂದೆತಾಯಂದಿರ ಉದಾಸೀನವನ್ನು ಟೀಕಿಸುತ್ತೇವೆ, ಸರ್ಕಾರಗಳನ್ನು ದೂರುತ್ತೇವೆ. ಭಾನುವಾರದ ಬೆಳಿಗ್ಗೆ ನಾಲ್ಕಾರು ಮಕ್ಕಳನ್ನು ಎದುರಿಗೆ ಕೂರಿಸಿಕೊಂಡು ಅಕ್ಷರ ತಿದ್ದಿಸುವವರ ಬಗ್ಗೆ ಮಾತ್ರ ಯಾರೂ ಯೋಚಿಸಿದಂತಿಲ್ಲ. ಈ ಸಂಚಿಕೆಯಲ್ಲಿ ಅವರನ್ನು ಕುರಿತು ನಾಲ್ಕು ಮಾತು ಹೇಳಬೇಕೆನಿಸಿದೆ.

ವಿಶಾಖಪಟ್ಟಣದಲ್ಲಿ ನಾನು ಹಲವು ವರ್ಷ ಅಂಥದೊಂದು ತರಗತಿಯನ್ನು ನಡೆಸಿದೆ. ಶಿಕ್ಷಕ ತರಬೇತಿ ಪಡೆದವನಲ್ಲ. ಕನ್ನಡದ ಮೇಲಿನ ಅಭಿಮಾನವೊಂದೇ ನನ್ನ ಅರ್ಹತೆ. ಶಾಲೆಯಲ್ಲಿ ತೆಲುಗು ಕಲಿಯುವ ನಮ್ಮ ಮಕ್ಕಳು ‘ಹಾಲು’ ಎನ್ನಬೇಕಾದಲ್ಲಿ ‘ಪಾಲು’ ಎನ್ನುತ್ತಿದ್ದರು. ‘ಹುಲಿ’ ಅವರ ಬಾಯಲ್ಲಿ ‘ಪುಲಿ’, ‘ಹಂದಿ’ ‘ಪಂದಿ’. ನಾನು ಗದರಿಸಿ ತಿದ್ದುತ್ತಿದ್ದೆ. ಒಂದು ವರ್ಷ ಹನ್ನೊಂದು ಮಕ್ಕಳಿಂದ ಆರಂಭವಾದ ತರಗತಿಯಲ್ಲಿ ಕೊನೆಗೆ ಉಳಿದವರು ಐವರು. ತಪ್ಪು ಎಲ್ಲಿದೆಯೆಂದು ಕೇಳಲು ನನ್ನ ಪಕ್ಕದಲ್ಲಿ ಇನ್ನೊಬ್ಬ ಮೇಷ್ಟರಿರಲಿಲ್ಲ.

2020ರ ಮಾರ್ಚಿಯಲ್ಲಿ ಎಲ್ಲ ಬಾಗಿಲುಗಳೂ ಮುಚ್ಚಿದಾಗ ತರಗತಿ ಫೋನಿನ ಪರದೆಗೆ ಬಂತು. ಆಗ ಪರಿಚಯವಾದವರು ವಿಜಯವಾಡದಲ್ಲಿ ತಮ್ಮ ಮನೆಯಲ್ಲೇ ಕನ್ನಡ ಕಲಿಸುತ್ತಿದ್ದ ಒಬ್ಬ ಸೋದರಿ. ರತ್ನಾಚಲ್ ಎಕ್ಸ್‌ಪ್ರೆಸ್ಸಿನಲ್ಲಿ ಸುಮಾರು 350 ಕಿಲೋಮೀಟರಿನ ದಾರಿ. ಆದರೂ ಅಷ್ಟು ವರ್ಷ ಒಬ್ಬರ ಮುಖ ಒಬ್ಬರು ಕಂಡವರಲ್ಲ. ನನ್ನ ಕಷ್ಟವನ್ನು ಹೇಳಿಕೊಂಡೆ. ಆಕೆ ನಕ್ಕು, “ಅದನ್ನು ತಪ್ಪೆಂದು ಯಾಕೆ ಹೇಳುತ್ತೀರಿ ಸಾರ್, ಮಕ್ಕಳು ಹಳಗನ್ನಡದ ಹತ್ತಿರ ಇದ್ದಾರೆ” ಎಂದರು.

ಆಕೆ ಮಕ್ಕಳಿಂದಲೇ ಜೋಡಿ ಶಬ್ದಗಳ ಪಟ್ಟಿ ಮಾಡಿಸುತ್ತಿದ್ದರು: ಪಾಮು–ಹಾವು, ಪಗಲು–ಹಗಲು. ಹಳಗನ್ನಡದಲ್ಲಿ ಹಾಲು ‘ಪಾಲ್’ ಆಗಿತ್ತಲ್ಲವೆ? ತೆಲುಗು ಉಳಿಸಿಕೊಂಡ ಪಕಾರವನ್ನು ಕನ್ನಡ ಮುಂದೆ ಹಕಾರವಾಗಿಸಿತು. ಚೆವಿ–ಕಿವಿ, ಚೆರುವು–ಕೆರೆ ಎಂಬಲ್ಲಿ ಹಳೆಯ ಧ್ವನಿಯನ್ನು ಕಾಪಾಡಿದ್ದು ಕನ್ನಡ. ಆದಿಕವಿ ಪಂಪನ ಪೂರ್ವಿಕರು ವೆಂಗಿನಾಡಿನವರು, ಎಂದರೆ ವಿಜಯವಾಡಕ್ಕೆ ದೂರವಲ್ಲದ ಏಲೂರಿನ ಸೀಮೆಯವರು ಎಂದು ತಿಳಿಸಿದಾಗ ಮಕ್ಕಳ ಮುಖ ಅರಳುತ್ತಿತ್ತಂತೆ. ಮುಂದಿನ ಭಾನುವಾರ ನಾನೂ ಹಾಗೆಯೇ ಮಾಡಿದೆ. ಗದರಿಕೆಗೆ ಮುದುಡುತ್ತಿದ್ದ ಮಕ್ಕಳು ಶಬ್ದಗಳನ್ನು ಹುಡುಕಿ ತರಲು ಪೈಪೋಟಿಗಿಳಿದರು. ಎರಡು ಲಿಪಿಗಳ ತಲಕಟ್ಟಿನ ವ್ಯತ್ಯಾಸವನ್ನು ಅಕ್ಕಪಕ್ಕ ಬರೆದು ತೋರಿಸುವ ನನ್ನ ಕ್ರಮವನ್ನು ಆಕೆ ತೆಗೆದುಕೊಂಡರು. ಹತ್ತು ಪುಸ್ತಕಗಳಿಂದ ಆಗದ ಉಪಕಾರ ಒಂದು ಗಂಟೆಯ ಮಾತಿನಿಂದ ನನಗಾಯಿತು.

ಇದು ನಮ್ಮಿಬ್ಬರ ಅದೃಷ್ಟ ಮಾತ್ರವೆಂದು ತಿಳಿಯಬೇಕಾಗಿಲ್ಲ. ಕರ್ನಾಟಕದ ಸರ್ಕಾರಿ ಪ್ರೌಢಶಾಲೆಗಳ ಶಿಕ್ಷಕರು 2011ರ ಸುಮಾರಿನಿಂದ ‘ವಿಷಯ ಶಿಕ್ಷಕರ ವೇದಿಕೆ’ಯ ಮೂಲಕ ಗಣಿತ, ವಿಜ್ಞಾನ, ಸಮಾಜ ವಿಜ್ಞಾನದ ಪಾಠಗಳಲ್ಲಿನ ತೊಡಕುಗಳನ್ನು ಇ-ಅಂಚೆಯಲ್ಲಿ ಪರಸ್ಪರ ಚರ್ಚಿಸತೊಡಗಿದರು; ತಾವೇ ಪಾಠಸಾಮಗ್ರಿಯನ್ನು ಕನ್ನಡದಲ್ಲಿ ಬರೆದು ಎಲ್ಲರಿಗೂ ಮುಕ್ತವಾಗಿಟ್ಟರು. ಕೇಂದ್ರ ಸರ್ಕಾರದ ‘ದೀಕ್ಷಾ’ 2017ರಲ್ಲಿ ಬಂತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಪ್ರತಿ ಶಿಕ್ಷಕನೂ ವರ್ಷಕ್ಕೆ ಕನಿಷ್ಠ 50 ಗಂಟೆ ವೃತ್ತಿಕಲಿಕೆಯಲ್ಲಿ ತೊಡಗಬೇಕೆಂದು ಹೇಳಿತು. ಮೇಲಿನಿಂದ ಇಳಿದು ಬರುವ ತರಬೇತಿಗೆ ಅದರದೇ ಬೆಲೆಯಿದೆ. ಆದರೆ ತನ್ನಂತೆಯೇ ನಿತ್ಯ ಮಕ್ಕಳ ಮುಂದೆ ನಿಲ್ಲುವವನ ಸಲಹೆ ನಾಟುವ ಬಗೆ ಬೇರೆ.

ಮಡಕಶಿರಾ, ರಾಯದುರ್ಗ, ಆದೋನಿ ಕಡೆಯ ಕನ್ನಡ ಮಾಧ್ಯಮ ಶಾಲೆಗಳ ಶಿಕ್ಷಕರನ್ನೂ ನಾನಿಲ್ಲಿ ನೆನೆಯುತ್ತೇನೆ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಶಿಕ್ಷಣಕ್ಕೆ ಸೌಲಭ್ಯ ಒದಗಿಸಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. ಆ ಶಿಕ್ಷಕರಿಗೆ ಒಡನಾಟವನ್ನು ಒದಗಿಸಬೇಕಾದವರು ನಾವು. ಗಡಿಯ ಶಾಲೆಯಲ್ಲಿ ವೃತ್ತಿಯಾಗಿ ಕಲಿಸುವವರಿಂದ ನಮ್ಮಂಥ ಹವ್ಯಾಸಿಗಳು ಕಲಿಯಬೇಕಾದದ್ದು ಬಹಳವಿದೆ.

ಫೋನಿನಲ್ಲಿ ಗುಂಪು ಕಟ್ಟಿದ ಮಾತ್ರಕ್ಕೆ ಇದು ಕೈಗೂಡದು. ಶುಭೋದಯದ ಚಿತ್ರಗಳು, ಹಬ್ಬದ ಹಾರೈಕೆಗಳು, ಯಾರೋ ಬರೆದು ಯಾರೋ ದಾಟಿಸಿದ ಸಂದೇಶಗಳು ಅಂಥ ಗುಂಪನ್ನು ತಿಂಗಳೊಳಗೆ ಮುಳುಗಿಸಿಬಿಡುತ್ತವೆ. ಆದ್ದರಿಂದ ನನ್ನದೊಂದು ಸೂಚನೆ: ತಿಂಗಳಿಗೊಂದು ಸಂಜೆ, ಒಂದೇ ಗಂಟೆ, ಎರಡೂ ಊರಿನ ಹಾಗೂ ಗಡಿಸೀಮೆಯ ಶಿಕ್ಷಕರು ಪರದೆಯಲ್ಲಿ ಸೇರೋಣ. ಪ್ರತಿಯೊಬ್ಬರೂ ತಮ್ಮ ಕೈಯಲ್ಲಿ ಸೋತ ಒಂದು ಪಾಠವನ್ನು ತರಬೇಕು. ಗೆದ್ದ ಪಾಠದ ವರದಿಗೆ ಚಪ್ಪಾಳೆ ಸಿಗುತ್ತದೆ. ಸೋತ ಪಾಠವನ್ನು ಬಿಚ್ಚಿಟ್ಟರೆ ಮದ್ದು ಸಿಗುತ್ತದೆ.

ಅಂದು ತರಗತಿ ಬಿಟ್ಟುಹೋದ ಆರು ಮಕ್ಕಳು ಈಗ ದೊಡ್ಡವರಾಗಿದ್ದಾರೆ. ಅವರಿಗೆ ಕನ್ನಡ ಓದಲು ಬರುವುದಿಲ್ಲ; ಈ ಪತ್ರಿಕೆ ಅವರ ಮನೆಗೆ ಬಂದರೂ ಅವರದಾಗದು. ಆ ಹೊಣೆ ನನ್ನದು. ಮುಂದಿನವರ ಹೊಣೆಯನ್ನು ನಾವೆಲ್ಲರೂ ಕೂಡಿ ಹೊರಬಹುದು. ಕಲಿಸುತ್ತಿರುವ ಸೋದರ ಸೋದರಿಯರು ದಯವಿಟ್ಟು ನನಗೆ ಬರೆಯಿರಿ.