ಊರಿನ ನೀರಿನ ಲೆಕ್ಕವನ್ನು ಊರೇ ಪ್ರಶ್ನಿಸಲಿ

ಸಣ್ಣ ನೀರಾವರಿ ಹಾಗೂ ಅಂತರ್ಜಲ ಅಭಿವೃದ್ಧಿ ಸಚಿವರಿಗೆ,

ಮಾನ್ಯರೇ,

2019ರ ಡಿಸೆಂಬರ್‌ನಲ್ಲಿ ಆರಂಭವಾದ ಅಟಲ್ ಭೂಜಲ ಯೋಜನೆ ಕರ್ನಾಟಕವೂ ಸೇರಿ 7 ರಾಜ್ಯಗಳಿಗೆ ಒಂದು ಒಳ್ಳೆಯ ಪದ್ಧತಿಯನ್ನು ತಂದಿತು. ಬಿದ್ದ ಮಳೆ ಎಷ್ಟು, ಇಂಗಿದ್ದೆಷ್ಟು, ಬೋರ್‌ವೆಲ್‌ಗಳು ಎತ್ತಿದ್ದೆಷ್ಟು ಎಂಬ ಲೆಕ್ಕವನ್ನು ಗ್ರಾಮ ಪಂಚಾಯಿತಿಗಳು ಜನರೊಂದಿಗೆ ಕೂತು ಹಾಕಬೇಕು ಎಂದಿತು. ಆದರೆ ಸಿದ್ಧವಾದ ಕೋಷ್ಟಕವನ್ನು ಸಭೆಯಲ್ಲಿ ಓದಿ ಸಹಿ ಪಡೆದರೆ ಅದು ಸಹಭಾಗಿತ್ವವಾಗದು. ಲೆಕ್ಕ ತಪ್ಪಿದೆ ಎನ್ನುವ ಅಧಿಕಾರವೂ ಊರಿಗಿರಬೇಕು.

ಮಳೆಯ ಇಷ್ಟು ಪಾಲು ಇಂಗುತ್ತದೆ ಎಂಬುದು ಸೂತ್ರ ಕೊಡುವ ಅಂದಾಜು. ಕೋಲಾರ, ಚಿಕ್ಕಬಳ್ಳಾಪುರಗಳ ಗಟ್ಟಿ ಕಲ್ಲಿನ ನೆಲದಲ್ಲಿ ನೀರು ಸಿಗುವುದು ಬಂಡೆಯ ಬಿರುಕುಗಳಲ್ಲಿ. ಒಂದು ಹೊಲದಲ್ಲಿ ನೀರಿದ್ದು ಪಕ್ಕದ ಹೊಲದ ಬೋರು ಬತ್ತಿರಬಹುದು. ಇದನ್ನು ಬಲ್ಲ ರೈತರಿಗೆ ಆ ಅಂದಾಜು ಎಲ್ಲಿಂದ ಬಂತೆಂದು ತಿಳಿಯಬೇಕು, ತಿದ್ದುವ ಅವಕಾಶ ಸಿಗಬೇಕು. ಇದು ಆಗದ ಮಾತಲ್ಲ. ಅವಿಭಜಿತ ಆಂಧ್ರದ 7 ಬರಪೀಡಿತ ಜಿಲ್ಲೆಗಳಲ್ಲಿ ರೈತರೇ ಮಳೆ ಅಳೆದರು, ಬೋರ್‌ವೆಲ್‌ಗಳ ನೀರಿನ ಮಟ್ಟ ಬರೆದಿಟ್ಟರು, ಹಿಂಗಾರಿಗೆ ಮುಂಚೆ ಬೆಳೆವಾರು ನೀರಿನ ಲೆಕ್ಕ ಹಾಕಿದರು. ತಾವೇ ಅಳೆದಿದ್ದರಿಂದ ಯಾವ ಬೆಳೆ ಇಡಬೇಕೆಂದು ಯೋಚಿಸಲು ಅವರಿಗೊಂದು ಆಧಾರ ಸಿಕ್ಕಿತು.

ಲೆಕ್ಕಕ್ಕೆ ಯಾರ ಮಾತು ಸೇರುತ್ತದೆ ಎಂಬುದೂ ಮುಖ್ಯ. ಪಂಪ್‌ಸೆಟ್ ಇದ್ದವರಷ್ಟೇ ಮಾತಾಡಿದರೆ ನೀರಾವರಿಯ ಬೇಡಿಕೆ ದಾಖಲಾಗುತ್ತದೆ; ಭೂಮಿಯಿಲ್ಲದ ಮನೆಯ ಕುಡಿಯುವ ನೀರು, ಕುರಿ-ದನಗಳ ನೀರು ಬಿಟ್ಟುಹೋಗುತ್ತದೆ. ನೀರು ಹೊರುವ ಹೆಣ್ಣುಮಕ್ಕಳ ಮತ್ತು ಕೂಲಿಕಾರರ ಸಭೆಯನ್ನು, ಅವರಿಗೆ ಬಿಡುವಿರುವ ಹೊತ್ತಿಗೆ, ಪ್ರತ್ಯೇಕವಾಗಿ ನಡೆಸಬೇಕು.

ಇನ್ನೊಂದು ಭಯವಿದೆ. 2011ರ ಅಂತರ್ಜಲ ಕಾಯ್ದೆಯ ಪ್ರಕಾರ ಅಧಿಸೂಚಿತ ಪ್ರದೇಶದಲ್ಲಿ ಬೋರ್‌ವೆಲ್ ಕೊರೆಯಲು ಅನುಮತಿ ಬೇಕು. ಎತ್ತುವ ನೀರಿನ ಬಗ್ಗೆ ನಿಜ ಹೇಳಿದರೆ ನಾಳೆ ಅನುಮತಿ ತಪ್ಪೀತು ಎಂದು ರೈತ ಹಿಂಜರಿಯುವುದು ಸಹಜ. ನಿಯಂತ್ರಣ ಬೇಕೇ ಬೇಕು. ಆದರೆ ಯೋಜನೆ ರೂಪಿಸಲು ನಂಬಿ ಕೊಟ್ಟ ಮಾಹಿತಿಯನ್ನು ಕೊಟ್ಟವರ ಮೇಲೆಯೇ ಪ್ರಯೋಗಿಸುವುದು ಅನ್ಯಾಯ. ಹಾಗೆ ಮಾಡಿದರೆ ಮುಂದಿನ ವರ್ಷ ಯಾರೂ ನಿಜ ಹೇಳುವುದಿಲ್ಲ, ಲೆಕ್ಕವೂ ಸುಳ್ಳಾಗುತ್ತದೆ.

ಆದ್ದರಿಂದ ತಾವೊಂದು ಸುತ್ತೋಲೆ ಹೊರಡಿಸಬೇಕೆಂದು ಕೋರುತ್ತೇನೆ. ಲೆಕ್ಕದ ಹಿಂದಿನ ಅಂದಾಜುಗಳನ್ನು ಕನ್ನಡದಲ್ಲಿ ಪಂಚಾಯಿತಿ ಗೋಡೆಯ ಮೇಲೆ ಬರೆಸಿ. ಜನರ ಆಕ್ಷೇಪಗಳಿಗೆ ಅಧಿಕಾರಿಗಳು ಲಿಖಿತ ಉತ್ತರ ಕೊಡಲಿ. ಒಬ್ಬೊಬ್ಬ ರೈತನ ಮಾಹಿತಿ ಬಹಿರಂಗವಾಗದಿರಲಿ. ಆಕ್ಷೇಪ ಇತ್ಯರ್ಥವಾಗುವ ತನಕ ಈ ಲೆಕ್ಕದ ಮೇಲೆ ರೂಪಿಸುವ ಯಾವ ಜಲ ಭದ್ರತಾ ಯೋಜನೆಗೂ ಒಪ್ಪಿಗೆಯ ಮುದ್ರೆ ಬೀಳದಿರಲಿ.

ಇಂತಿ ತಮ್ಮ ವಿಶ್ವಾಸಿ,
ಬಯಲುಸೀಮೆಯ ಒಬ್ಬ ನಾಗರಿಕ