ಚೀಟಿ ಬರೆದರೆ ಚಿಕಿತ್ಸೆಯಾಯಿತೇ?

ಕ್ಯಾನ್ಸರ್ ನಿಧಾನವಾಗಿ ಕೊಲ್ಲುವ ರೋಗ, ಬೆಂಗಳೂರಿಗೋ ಮುಂಬಯಿಗೋ ಹೋಗುವಷ್ಟು ಅವಕಾಶವನ್ನಂತೂ ಅದು ಕೊಡುತ್ತದೆ ಎಂಬ ನಂಬಿಕೆ ನಮ್ಮ ಜನರಲ್ಲಿದೆ. ಆಸ್ಪತ್ರೆಗಳ ಆಡಳಿತ ನಡೆಸುವವರಲ್ಲೂ ಇದೆ. ಅನೇಕ ಕ್ಯಾನ್ಸರುಗಳ ವಿಷಯದಲ್ಲಿ ಇದು ನಿಜ. ಕೆಲವುಗಳ ವಿಷಯದಲ್ಲಿ ಶುದ್ಧ ಸುಳ್ಳು. ಆ ಸುಳ್ಳಿನ ಬೆಲೆಯನ್ನು ಬಡವನು ಪ್ರಾಣದಿಂದ ತೆರುತ್ತಾನೆ. ಅದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇವೆ.

ಟ್ಯೂಮರ್ ಲೈಸಿಸ್ ಸಿಂಡ್ರೋಮ್ ಎಂಬುದು ವೈದ್ಯರು ಇಟ್ಟ ಹೆಸರು. ಹೆಸರು ಕಠಿಣ, ಸಂಗತಿ ಸರಳ. ಕ್ಯಾನ್ಸರಿನ ಜೀವಕೋಶಗಳು ರಾಶಿರಾಶಿಯಾಗಿ ಒಮ್ಮೆಲೇ ಒಡೆದು, ಒಳಗಿದ್ದುದೆಲ್ಲ ರಕ್ತಕ್ಕೆ ಸುರಿಯುತ್ತದೆ. ಪೊಟ್ಯಾಸಿಯಂ ಏರುತ್ತದೆ, ಮಿತಿ ಮೀರಿದರೆ ಹೃದಯದ ಬಡಿತ ತಪ್ಪಿ ನಿಂತೇ ಹೋಗಬಹುದು. ಫಾಸ್ಫೇಟ್ ಏರಿ ಕ್ಯಾಲ್ಸಿಯಂ ಇಳಿದರೆ ಕೈಕಾಲು ಸೆಟೆಯುತ್ತವೆ, ಫಿಟ್ಸ್ ಬರಬಹುದು. ಯೂರಿಕ್ ಆಮ್ಲ ಹೆಚ್ಚಿ, ಹರಳುಗಟ್ಟಿ, ಮೂತ್ರಪಿಂಡದ ಸಣ್ಣ ನಾಳಗಳನ್ನು ಮುಚ್ಚುತ್ತದೆ. ಗಟಾರ ಕಟ್ಟಿದ ಓಣಿಯ ಗತಿಯೇ ಆ ದೇಹದ ಗತಿ.

ಸಾಮಾನ್ಯವಾಗಿ ಇದು ಚಿಕಿತ್ಸೆ ಆರಂಭಿಸಿದ ಮೇಲೆ ಬರುತ್ತದೆ. 1929ರಲ್ಲಿ ಇಬ್ಬರು ಚೆಕ್ ವೈದ್ಯರು ಮೊದಲು ವರದಿ ಮಾಡಿದ್ದೂ ಕ್ಷಕಿರಣ ಚಿಕಿತ್ಸೆ ಪಡೆದ ಲ್ಯುಕೇಮಿಯಾ ರೋಗಿಗಳಲ್ಲಿ ಕಂಡದ್ದನ್ನೇ. ಆದರೆ ಔಷಧದ ಒಂದು ಹನಿ ಮೈ ಸೇರುವ ಮೊದಲೇ, ತಾನಾಗಿಯೇ ಇದು ಆರಂಭವಾಗುವುದೂ ಉಂಟು. 1958ರಲ್ಲಿ ಡೆನಿಸ್ ಬರ್ಕಿಟ್ ಎಂಬ ಶಸ್ತ್ರವೈದ್ಯರು ಉಗಾಂಡಾದ ಮಕ್ಕಳಲ್ಲಿ ಕಂಡು ಬಣ್ಣಿಸಿದ, ಇಂದು ಬರ್ಕಿಟ್ ಲಿಂಫೋಮಾ ಎನ್ನಿಸಿಕೊಂಡಿರುವ ಗೆಡ್ಡೆಯ ಕೋಶಗಳು ಒಂದೆರಡು ದಿನಗಳಲ್ಲೇ ಇಮ್ಮಡಿಯಾಗಬಲ್ಲವು. ಅಷ್ಟು ವೇಗದಲ್ಲಿ ಹುಟ್ಟುವ ಕೋಶಗಳು ಅಷ್ಟೇ ರಭಸದಲ್ಲಿ ಸಾಯುತ್ತವೆ. ತೀವ್ರ ಲ್ಯುಕೇಮಿಯಾಗಳಲ್ಲೂ ಹೀಗಾಗಬಹುದು. ಅಪರೂಪಕ್ಕೆ ಇತರ ಗೆಡ್ಡೆಗಳಲ್ಲೂ ಆಗಬಹುದು. ತಾನಾಗಿ ಬಂದಾಗ ಫಾಸ್ಫೇಟ್ ಅಷ್ಟಾಗಿ ಏರದಿರಬಹುದು. ಹೊಸ ಕೋಶಗಳು ಅದನ್ನು ಮತ್ತೆ ನುಂಗಿಕೊಳ್ಳುತ್ತವೆ. ಏರಿದ ಯೂರಿಕ್ ಆಮ್ಲವೇ ಅಲ್ಲಿ ದೊಡ್ಡ ಸುಳಿವು.

ಇಲ್ಲಿಯೇ ಅನ್ಯಾಯದ ಬೇರಿದೆ, ನೋಡಿ. ದೊಡ್ಡ ಆಸ್ಪತ್ರೆಯಲ್ಲಿ ಹಾಸಿಗೆ ಸಿಕ್ಕವನಿಗೆ ಔಷಧಕ್ಕೆ ಮುಂಚೆ ರಕ್ತಪರೀಕ್ಷೆಯಾಗುತ್ತದೆ, ಡ್ರಿಪ್ ಏರುತ್ತದೆ, ಕಾವಲು ಇರುತ್ತದೆ. ಸಾಲಿನಲ್ಲಿ ನಿಂತವನಿಗೆ ಯಾರ ಕಾವಲು? ಮುಂಬಯಿಯ ಟಾಟಾ ಆಸ್ಪತ್ರೆ 1941ರಲ್ಲಿ, ಬೆಂಗಳೂರಿನ ಕಿದ್ವಾಯಿ ಸಂಸ್ಥೆ 1973ರಲ್ಲಿ ಆರಂಭವಾದವು. ಅವುಗಳ ಸೇವೆಗೆ ನಾವು ತಲೆಬಾಗುತ್ತೇವೆ. ಆದರೆ ಹೊಟ್ಟೆ ಉಬ್ಬಿ, ವಾಂತಿಯಾಗಿ, ಮೂತ್ರ ಕಡಿಮೆಯಾಗಿ ಬಂದ ಕಾರ್ಮಿಕನ ಕೈಗೆ 'ಬೆಂಗಳೂರಿಗೆ ಹೋಗಿ' ಎಂದು ಚೀಟಿ ಕೊಟ್ಟು ಕಳಿಸಿದರೆ, ಆ ಚೀಟಿ ಅವನ ರಕ್ತದ ಪೊಟ್ಯಾಸಿಯಂ ಇಳಿಸುವುದೇ? ದಾರಿಯಲ್ಲಿ ಸತ್ತರೆ 'ರೋಗ ಬಲಿತಿತ್ತು' ಎನ್ನುತ್ತಾರೆ, 'ಹಣೆಬರಹ' ಎನ್ನುತ್ತಾರೆ. ಬಲಿತಿದ್ದ ರೋಗವೇ ಕೊಂದಿತೋ, ಯಾರೂ ಪರೀಕ್ಷಿಸದ ರಕ್ತ ಕೊಂದಿತೋ ಎಂದು ಕೇಳುವವರಿಲ್ಲ.

ಹಾಗಾದರೆ ಬೇಕಾದ್ದೇನು? ಚಿನ್ನದ ಯಂತ್ರಗಳಲ್ಲ. ಯೂರಿಕ್ ಆಮ್ಲ, ಪೊಟ್ಯಾಸಿಯಂ, ಫಾಸ್ಫೇಟ್, ಕ್ಯಾಲ್ಸಿಯಂ, ಕ್ರಿಯಾಟಿನಿನ್ ಎಂಬ ಐದು ರಕ್ತಪರೀಕ್ಷೆಗಳು. ಹೃದಯ ನೋಡಲು ಇ.ಸಿ.ಜಿ. ವೈದ್ಯರ ಎಚ್ಚರದಲ್ಲಿ ಡ್ರಿಪ್. ಅಲೋಪ್ಯೂರಿನಾಲ್ ಎಂಬ ಮಾತ್ರೆ. ಕೈಮೀರಿದರೆ ಡಯಾಲಿಸಿಸ್. ಅಲೋಪ್ಯೂರಿನಾಲ್ ರೂಪಿಸಿದವರಲ್ಲಿ ಒಬ್ಬರಾದ ಗರ್ಟ್ರೂಡ್ ಎಲಿಯನ್ ವಲಸಿಗರ ಮಗಳು. ಡಾಕ್ಟರೇಟ್ ಮುಗಿಸದೆಯೇ ಕೆಲಸಕ್ಕೆ ನಿಂತು, ಜಾರ್ಜ್ ಹಿಚಿಂಗ್ಸ್ ಅವರೊಡನೆ 1988ರಲ್ಲಿ ನೊಬೆಲ್ ಬಹುಮಾನ ಹಂಚಿಕೊಂಡವರು. 1966ರಲ್ಲೇ ಅಮೆರಿಕದಲ್ಲಿ ಅನುಮತಿ ಪಡೆದ ಈ ಮಾತ್ರೆ ಇಂದು ಅಗ್ಗ. ವಿಶ್ವ ಆರೋಗ್ಯ ಸಂಸ್ಥೆಯ ಅತ್ಯಗತ್ಯ ಔಷಧಗಳ ಪಟ್ಟಿಯಲ್ಲಿದೆ. ಆದರೆ ಅದು ಹೊಸ ಯೂರಿಕ್ ಆಮ್ಲ ಹುಟ್ಟದಂತೆ ತಡೆಯುತ್ತದೆಯೇ ಹೊರತು ಈಗಾಗಲೇ ತುಂಬಿಕೊಂಡದ್ದನ್ನು ಕರಗಿಸದು. ತುಂಬಿಕೊಂಡದ್ದನ್ನು ಬೇಗ ಕರಗಿಸುವ ರಾಸ್ಬುರಿಕೇಸ್ ದುಬಾರಿ. ಅಂದರೆ ಅಗ್ಗದ ಮಾತ್ರೆ ಮೊದಲ ದಿನ ಸಿಕ್ಕದವನಿಗೆ ಮೂರನೆಯ ದಿನ ದುಬಾರಿ ಚುಚ್ಚುಮದ್ದು ಬೇಕಾಗುತ್ತದೆ. ತಡಮಾಡುವುದು ಸರ್ಕಾರಕ್ಕೆ ಉಳಿತಾಯವೆಂದು ಲೆಕ್ಕ ಹಾಕುವವರು ಈ ಗಣಿತವನ್ನೂ ಕಲಿಯಲಿ.

'ಇದು ಅಪರೂಪದ ತೊಂದರೆ, ಇದಕ್ಕೇಕೆ ಇಷ್ಟು ಗದ್ದಲ?' ಎಂದು ಕೆಲವರು ಕೇಳಬಹುದು. ಅಪರೂಪವೆಂಬುದು ನಿಜ. ಆದರೆ ಅದೇ ಲ್ಯಾಬು, ಅದೇ ಡಯಾಲಿಸಿಸ್ ಹಾವು ಕಚ್ಚಿದ ರೈತನಿಗೂ ಬೇಕು, ವಾಂತಿಭೇದಿಯಿಂದ ಮೂತ್ರ ನಿಂತ ಮಗುವಿಗೂ ಬೇಕು, ಸಕ್ಕರೆ ಕಾಯಿಲೆಯಿಂದ ಮೂತ್ರಪಿಂಡ ಕೆಟ್ಟ ಅಂಗಡಿಯವನಿಗೂ ಬೇಕು. ಜಿಲ್ಲಾ ಆಸ್ಪತ್ರೆಗಳಲ್ಲಿ ಡಯಾಲಿಸಿಸ್ ಕೊಡುವ ರಾಷ್ಟ್ರೀಯ ಕಾರ್ಯಕ್ರಮವನ್ನು ಕೇಂದ್ರ ಸರ್ಕಾರ 2016ರಲ್ಲೇ ಘೋಷಿಸಿತು. ವಾರಕ್ಕಿಷ್ಟು ಸಲ ಸರದಿಯಂತೆ ಬರುವವರಿಗೆ ಅದು ಆಸರೆ. ಆದರೆ ಈ ರಾತ್ರಿ ಬಂದವನಿಗೆ ಈ ರಾತ್ರಿಯೇ ಯಂತ್ರ ನಡೆಯಬೇಕು. ಸಾವು ಕಚೇರಿಯ ವೇಳೆ ನೋಡಿ ಬರುವುದಿಲ್ಲ.

ನಾವು ಭಿಕ್ಷೆ ಕೇಳುತ್ತಿಲ್ಲ. ರಾಜ್ಯ ವಿಮಾ ಯೋಜನೆ 1948ರ ಕಾಯಿದೆಯಂತೆ ಬಂದದ್ದು. 2019ರ ಜುಲೈಯಿಂದ ಕಾರ್ಮಿಕನ ಕೂಲಿಯಲ್ಲಿ ಶೇಕಡಾ 0.75, ಮಾಲೀಕನಿಂದ ಶೇಕಡಾ 3.25 ಎಂದು ವಂತಿಗೆ ನಿಗದಿಯಾಯಿತು. ಗಿರಣಿ ಕಾರ್ಮಿಕನ ಬೆವರು ಅದರಲ್ಲಿದೆ. ಸಣ್ಣ ವ್ಯಾಪಾರಿಗೆ ಆ ಆಸರೆಯೂ ಇಲ್ಲ. 2018ರಲ್ಲಿ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆ ಹೊರಟಾಗ ಬಡತನ ರೇಖೆಯ ಕೆಳಗಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಎಂದರು; ರೇಖೆಯ ಮೇಲಿನವರಿಗೆ ಪ್ಯಾಕೇಜು ದರದ ಶೇಕಡಾ 30 ಮಾತ್ರ. ಬೀದಿಬದಿಯಲ್ಲಿ ಕಿರಾಣಿ ಅಂಗಡಿ ಇಟ್ಟವನು ಆ ಕಾಗದದ ರೇಖೆಗಿಂತ ಒಂದು ಗೇಣು ಮೇಲಿದ್ದರೆ ಮಿಕ್ಕ 70 ಪಾಲನ್ನು ಎಲ್ಲಿಂದ ತರಬೇಕು? ತಕ್ಕಡಿ ಮಾರಿಯೇ?

ಬಂಧುಗಳೇ, ನಮ್ಮ ಮನೆಗಳಲ್ಲೂ ಎಚ್ಚರ ಬೇಕು. ಕುತ್ತಿಗೆಯಲ್ಲೋ ಹೊಟ್ಟೆಯಲ್ಲೋ ಬೇಗಬೇಗ ಬೆಳೆಯುವ ಗಡ್ಡೆ, ಜೊತೆಗೆ ವಾಂತಿ, ಮೂತ್ರ ಇಳಿಮುಖ, ಸ್ನಾಯು ಸೆಳೆತ, ಎದೆ ಡವಗುಟ್ಟುವುದು ಕಂಡರೆ ಅದೇ ದಿನ ಆಸ್ಪತ್ರೆ ಸೇರಿ. ಅಂಗಡಿಯಿಂದ ನೋವಿನ ಗುಳಿಗೆ ತಂದು ನುಂಗಿಸಬೇಡಿ. ಬಳಲಿದ ಮೂತ್ರಪಿಂಡಕ್ಕೆ ಅದು ಹೊಡೆತ. ಬಾವು ಇಳಿಯಲೆಂದು ಕಾರಣ ತಿಳಿಯದೆ ಚುಚ್ಚುವ ಸ್ಟಿರಾಯ್ಡ್, ಇಂಥ ಕ್ಯಾನ್ಸರುಗಳಲ್ಲಿ ಕೋಶಗಳ ಒಡೆತವನ್ನೇ ಕೆರಳಿಸಬಹುದು. ಪ್ರೀತಿಯಿಂದ ಒಯ್ಯುವ ಎಳನೀರಿನಲ್ಲೂ ಪೊಟ್ಯಾಸಿಯಂ ಬಹಳ. ವೈದ್ಯರನ್ನು ಕೇಳದೆ ಕುಡಿಸಬೇಡಿ. 'ಯೂರಿಕ್ ಆಮ್ಲ, ಪೊಟ್ಯಾಸಿಯಂ ನೋಡಿದಿರಾ?' ಎಂದು ಕೇಳಲು ಸಂಕೋಚಪಡಬೇಡಿ.

ಆಳುವವರ ಮುಂದೆ ನಮ್ಮ ಬೇಡಿಕೆ ಇಷ್ಟೆ: ಪ್ರತಿ ಜಿಲ್ಲಾ ಆಸ್ಪತ್ರೆಯಲ್ಲಿ ಈ ಐದು ಪರೀಕ್ಷೆಗಳು ಹಗಲೂ ರಾತ್ರಿಯೂ ನಡೆಯಬೇಕು, ಅಲೋಪ್ಯೂರಿನಾಲ್ ಎಂದೂ ತೀರಬಾರದು, ತುರ್ತಿಗೆಂದೇ ಒಂದು ಡಯಾಲಿಸಿಸ್ ಹಾಸಿಗೆ ಮೀಸಲಿರಬೇಕು, ಕ್ಯಾನ್ಸರಿನ ಶಂಕೆಯಿರುವ ಯಾರನ್ನೂ ರಕ್ತ ನೋಡದೆ, ಅಗತ್ಯವಿದ್ದರೆ ಡ್ರಿಪ್ ಹಾಕದೆ, ಬರಿ ಚೀಟಿ ಕೊಟ್ಟು ಕಳಿಸಬಾರದು. ಇದಕ್ಕೆ ಹೊಸ ವಿಜ್ಞಾನ ಬೇಕಿಲ್ಲ. ವಿಜ್ಞಾನಿಗಳು ತಮ್ಮ ಪಾಲಿನ ಕೆಲಸ ಮುಗಿಸಿ ದಶಕಗಳಾದವು. ಉಳಿದದ್ದು ಆಡಳಿತದ ಪಾಲು. ಅದನ್ನು ಮಾಡಿಸುವುದು ನಮ್ಮ ಪಾಲು. ಗಿರಣಿಯ ಸಂಘವೂ ವರ್ತಕರ ಸಂಘವೂ ಒಟ್ಟಾಗಿ ಆಸ್ಪತ್ರೆಯ ಬಾಗಿಲಿಗೆ ಹೋಗಿ ಮೊದಲು ಒಂದೇ ಒಂದು ಪ್ರಶ್ನೆ ಕೇಳಲಿ: ಈ ರಾತ್ರಿ ಹನ್ನೆರಡಕ್ಕೆ ನಿಮ್ಮ ಲ್ಯಾಬು ತೆರೆದಿರುತ್ತದೆಯೇ?